ದೊಡ್ಡವ್ವನ ಕಿವಿ, ತಮ್ಮನ ಫೋನು

ನನ್ನ ತಮ್ಮ ಓಡಿಸುತ್ತಿದ್ದ ಬಸ್ಸಿಗೆ ಎರಡು ಹಾರನ್ ಇದ್ದವು. ಸ್ಟೇರಿಂಗಿನ ನಡುವೆ ಇದ್ದದ್ದು ಬ್ಯಾಟರಿಯದು. ಮನಸ್ಸು ಬಂದರೆ ಕೂಗುತ್ತಿತ್ತು, ಮಳೆ ಬಿದ್ದ ಮಾರನೆಯ ದಿನ ಬರೀ ಕೆಮ್ಮುತ್ತಿತ್ತು. ನಂಬಿಕೆಗೆ ಇದ್ದದ್ದು ಇನ್ನೊಂದು. ಅವನ ಬಲಗಡೆಯ ಕಿಟಕಿಯ ಹೊರಗೆ ಹಿತ್ತಾಳೆಯ ಕೊಳವೆ, ಅದರ ಬುಡಕ್ಕೆ ಕಪ್ಪು ರಬ್ಬರ್ ಚೆಂಡು. ಬಲಗೈ ಚಾಚಿ ಆ ಚೆಂಡನ್ನು ಹಿಚುಕಿದರೆ ಪೋಂ, ಪೋಂ ಎಂದು ಎಮ್ಮೆ ಕರೆದ ಹಾಗೆ ಒಂದು ದನಿ ಹೊಲಗಳ ಮೇಲೆ ಹಾಸಿಕೊಂಡು ಹೋಗುತ್ತಿತ್ತು.

ಹುಣಸೂರಿನಿಂದ ಎಚ್.ಡಿ. ಕೋಟೆಯ ಕಡೆ ಹೋಗುವ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ, ಒಳಕ್ಕೆ ತಿರುಗಿ, ನಾಲ್ಕಾರು ಹಳ್ಳಿ ಮುಟ್ಟಿ ಬರುವ ಖಾಸಗಿ ಬಸ್ಸು ಅದು. ಆ ಹಳ್ಳಿಗಳಲ್ಲೊಂದರಲ್ಲಿ ನಾನು ಅಂಗನವಾಡಿ ಟೀಚರಾಗಿದ್ದೆ. ಮನೆ ಹುಣಸೂರಿನಲ್ಲಿ. ಬೆಳಗ್ಗೆ ಮುದ್ದೆ ತಿರುವಿಟ್ಟು, ಡಬ್ಬಿ ಕಟ್ಟಿಕೊಂಡು, ತಮ್ಮನ ಬೆನ್ನ ಹಿಂದಿನ ಸೀಟಿನಲ್ಲಿ ಕೂತರೆ ಅಲ್ಲಿಂದಾಚೆಗೆ ಅವನ ಕತ್ತು, ಅವನ ಕೈ, ಮುಂದಿನ ಗಾಜು, ಇಷ್ಟೇ ನನ್ನ ಕಣ್ಣಿಗೆ. ಆ ಕೈಗಳ ಅಭ್ಯಾಸವೆಲ್ಲ ನನಗೆ ಬಾಯಿಪಾಠವಾಗಿತ್ತು.

ಊರಿಗೆ ಮುಂಚೆ ಒಂದು ದಿಣ್ಣೆ, ದಿಣ್ಣೆಯ ಮೇಲೆ ಗೋಣಿಮರ, ಮರದ ಮಗ್ಗುಲಲ್ಲೇ ತಿರುವು. ಅಲ್ಲಿ ಅವನು ಹಾರನ್ ಹಿಚುಕದೆ ಹೋದವನಲ್ಲ. ಆ ಸದ್ದು ಕೇಳಿದ ಮೇಲೆ ಊರಿನ ಹೆಂಗಸರು ತಲೆ ಬಾಚಿ, ಒಲೆಯ ಸೌದೆ ಹಿಂದಕ್ಕೆಳೆದು, ಬಾಗಿಲಿಗೆ ಚಿಲಕ ಹಾಕಿ ಹೊರಟರೂ ಬಸ್ಸು ಸಿಗುತ್ತಿತ್ತು. ಸುಗ್ಗಿ ಕಾಲದಲ್ಲಂತೂ ಆ ಸದ್ದೇ ಕಾವಲು. ಹುರುಳಿ ಕಿತ್ತ ಮೇಲೆ ಕಣ ಮಾಡುವವರು ಆಗಲೇ ಕಡಿಮೆಯಾಗಿದ್ದರು. ಗಿಡಗಳನ್ನು ಟಾರು ರಸ್ತೆಯ ಮೇಲೆ ಹರಡಿಬಿಡುವುದು, ಬಸ್ಸು ಲಾರಿ ಹತ್ತಿ ಹತ್ತಿ ಕಾಯಿ ಒಡೆಯುವುದು, ನಡುನಡುವೆ ಕವೆಗೋಲಿನಿಂದ ಸೊಪ್ಪು ತಿರುವಿ ಹಾಕಿ, ಕೊನೆಗೆ ಕಾಳು ಗುಡಿಸಿಕೊಂಡು ತೂರುವುದು. ಮುಖಕ್ಕೆ ಧೂಳು ಹೊಡೆಯದ ಹಾಗೆ ಸೆರಗು ಸುತ್ತಿಕೊಂಡು ಬಗ್ಗಿ ನಿಂತವರು ರಸ್ತೆಯ ಕಡೆ ತಲೆ ಎತ್ತಿ ನೋಡುತ್ತಿರಲಿಲ್ಲ. ನೋಡುವ ಕೆಲಸ ಕಿವಿಯದು. ಪೋಂ ಎಂದರೆ ಪಕ್ಕಕ್ಕೆ ಸರಿಯುವುದು, ಬಸ್ಸು ತುಳಿದು ಹೋದ ಮೇಲೆ ಮತ್ತೆ ಬಂದು ಬಗ್ಗುವುದು.

ಅಂಥ ದಿನಗಳಲ್ಲಿ ತಮ್ಮ ಮೊಬೈಲು ತಗೊಂಡ. ಆ ದಾರಿಯಲ್ಲಿ ಆಗ ಫೋನಿದ್ದವರು ಬೆರಳೆಣಿಕೆಯಷ್ಟು ಜನ. ಅವನ ನಂಬರನ್ನು ಟೀ ಅಂಗಡಿಯ ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ ಬರೆದೇಬಿಟ್ಟರು. ಪಿರಿಯಾಪಟ್ಟಣದ ಹರಾಜಿನಲ್ಲಿ ಹೊಗೆಸೊಪ್ಪಿಗೆ ಇವತ್ತು ಏನು ರೇಟು, ಕೊಡಗಿನ ತೋಟಕ್ಕೆ ಕಾಫಿ ಕುಯ್ಯಲು ಹೋದವರು ಯಾವತ್ತು ಬರುತ್ತಾರೆ, ಕೆ.ಆರ್. ನಗರಕ್ಕೆ ಕೊಟ್ಟ ಮಗಳಿಗೆ ಹೆರಿಗೆ ಆಯಿತೇ, ಎಲ್ಲವೂ ಅವನ ಜೇಬಿಗೇ ಬರುತ್ತಿತ್ತು. ಉಪಕಾರವೇ ಆಯಿತು, ಇಲ್ಲವೆನ್ನಲಾರೆ. ಒಂದು ಸಲ ಬಾಣಂತಿಯೊಬ್ಬಳಿಗೆ ರಕ್ತ ಬೇಕೆಂಬ ಸುದ್ದಿ ಆ ಫೋನಿಗೆ ಬಂದು, ಅವಳ ಅಣ್ಣ ಅದೇ ಬಸ್ಸಿನಲ್ಲಿ ಓಡಿ ಹೋಗಿ ಕೊಟ್ಟು ಬಂದ. ಆದರೆ ಹತ್ತು ಕರೆಯಲ್ಲಿ ಎಂಟು ಒಂದೇ ಕರೆ: “ಅಣ್ಣೋ, ಎಲ್ಲಿಗ್ ಬಂದದೆ ಬಸ್ಸು?” ದಿಣ್ಣೆಯ ಮೇಲೆ ಸಿಗ್ನಲ್ ಚೆನ್ನಾಗಿ ಸಿಗುತ್ತಿದ್ದರಿಂದ ಅಲ್ಲಿಗೆ ಹತ್ತಿದೊಡನೆ ಫೋನು ಬಡಿದುಕೊಳ್ಳುತ್ತಿತ್ತು.

“ನಿಲ್ಸಿ ಮಾತಾಡೋ” ಎಂದು ನಾನು ಹಿಂದಿನಿಂದ ಹೇಳುತ್ತಿದ್ದೆ.

ಹೊಗೆಸೊಪ್ಪಿನ ರೈತನೊಬ್ಬ ದಿನವೂ ಬಾಗಿಲ ಬಳಿಯ ಸೀಟಿನವನು. ಅವನೇ ಉತ್ತರ ಕೊಡುವವನು. “ಬುಡಿ ಟೀಚರಮ್ಮ, ನಿಮ್ ತಮ್ಮ ಕಣ್ಮುಚ್ಕೊಂಡ್ ಓಡ್ಸುದ್ರೂವೆ ಬಸ್ಸು ತಾನೇ ಊರಿಗ್ ಓಯ್ತದೆ. ಅದುಕ್ಕೆ ದಾರಿ ಗೊತ್ತು.”

“ನಿನ್ ಎತ್ತಿಗೂ ಗೊತ್ತಿತ್ತು ಕಣ್ಲಾ ದಾರಿ” ಎಂದು ಒಂದು ದಿನ ಹಿಂದಿನಿಂದ ಸೊಪ್ಪಿನ ಬುಟ್ಟಿಯ ಹೆಂಗಸೊಬ್ಬಳು ಕೂಗಿದಳು. “ನೀನ್ ಕುಡ್ಕೊಂಡ್ ಗಾಡಿ ಒಳಗ್ ಮನೀಕಂಡಿದ್ದಾಗ ಸೀದಾ ಕೆರೆಗ್ ಇಳೀಲಿಲ್ವಾ?”

ಬಸ್ಸೆಲ್ಲ ನಕ್ಕಿತು. ತಮ್ಮನೂ ನಕ್ಕ. ಫೋನು ಕಿವಿಯಲ್ಲೇ ಇತ್ತು.

ಆಮೇಲೆ ಬಸ್ಸಿನ ಮಾಲೀಕರು, ಸರ್ಕಾರದ ಹುಕುಮೆಂದು, ಡ್ರೈವರ್ ಸೀಟಿನ ಮೇಲ್ಗಡೆ, ದೇವರ ಪಟದ ಪಕ್ಕ ಒಂದು ಚೀಟಿ ಅಂಟಿಸಿದರು. ವಾಹನ ಚಾಲನೆ ಮಾಡುವಾಗ ಮೊಬೈಲ್ ಬಳಸಬಾರದು. ಅದರ ಮೇಲೂ ಚರ್ಚೆ ಆಯಿತು. ಸರ್ಕಾರಕ್ಕೆ ಬೇರೆ ಕೆಲಸವಿಲ್ಲ ಎಂದವರು ಕೆಲವರು. ಹಾಗಾದರೆ ಎಲೆ ಅಡಿಕೆ ಹಾಕುವುದನ್ನೂ ನಿಲ್ಲಿಸಲಿ ಎಂದವರು ಕೆಲವರು. ಊದುಬತ್ತಿಯ ಹೊಗೆಗೆ ಚೀಟಿ ಕಂದಿತು. ಅದಕ್ಕೂ ಊದುಬತ್ತಿ ಬೆಳಗುತ್ತಿದ್ದೆವೇ ಹೊರತು ಅದು ಹೇಳಿದ್ದನ್ನು ಯಾರೂ ಕೇಳಲಿಲ್ಲ.

ಹುರುಳಿ ಸುಗ್ಗಿಯ ಒಂದು ಬೆಳಗ್ಗೆ. ಇಬ್ಬನಿ ಆರಿ ಬಿಸಿಲು ಬಿದ್ದಿತ್ತು. ದಿಣ್ಣೆ ಹತ್ತುತ್ತಿದ್ದಂತೆ ಫೋನು ಬಡಿಯಿತು. ತಮ್ಮ ಬಲಗೈಯಲ್ಲಿ ಎತ್ತಿಕೊಂಡ. ಎಡಗೈ ಸ್ಟೇರಿಂಗಿನ ಮೇಲೆ. “ಇಲ್ಲೇ ಕಣಣ್ಣ, ಗೋಣಿಮರದತ್ರ ಬಂದೆ, ನಿಂತ್ಕೊ” ಎಂದ. ಹಾರನ್ನಿನ ಚೆಂಡು ಕಿಟಕಿಯ ಹೊರಗೆ ಸುಮ್ಮನೆ ಅಲ್ಲಾಡುತ್ತಿತ್ತು. ತಿರುವು ದಾಟಿದರೆ ರಸ್ತೆಯ ತುಂಬ ಹುರುಳಿ. ಎದುರಿಗೆ ಮುಖ ಮಾಡಿದ್ದ ಇಬ್ಬರು ಬಸ್ಸನ್ನು ನೋಡಿ ಪಕ್ಕಕ್ಕೆ ಹಾರಿಕೊಂಡರು. ಬೆನ್ನು ಮಾಡಿ ಬಗ್ಗಿದ್ದ ಒಬ್ಬರು ಹಾಗೇ ಇದ್ದರು. ತಮ್ಮ ಫೋನು ಬಿಸಾಡಿ ಬ್ರೇಕು ತುಳಿದ. ಒಣಸೊಪ್ಪಿನ ಮೇಲೆ ಚಕ್ರ ನಿಲ್ಲಲಿಲ್ಲ. ಜಾರಿಕೊಂಡು ಹೋದ ಬಸ್ಸಿನ ಎಡಮೂಲೆ ಅವರಿಗೆ ತಾಗಿ, ಚರಂಡಿಯ ಕಡೆಗೆ ಬಿದ್ದರು.

ಅವರು ಊರಿಗೆಲ್ಲ ದೊಡ್ಡವ್ವ. ಅವರ ಮನೆ ನಮ್ಮ ಅಂಗನವಾಡಿಯ ಎದುರಿಗೇ. ಮದುವೆ ಮನೆಗಳಲ್ಲಿ ಸೋಬಾನೆಗೆ ಮೊದಲ ದನಿ ಎತ್ತುವವರು ಅವರೇ. ಅವರು ಎತ್ತಿಕೊಟ್ಟ ಮೇಲೆ ಉಳಿದವರು ಹಿಡಿಯಬೇಕು. ನನ್ನ ತಮ್ಮನಿಗೆ ಅವರೇಕಾಯಿ ಕಾಲದಲ್ಲಿ ಒಂದು ಸೇರು ಕಿಟಕಿಯಿಂದಲೇ ಕೊಟ್ಟು, “ತಗೊ ಕೂಸೆ, ಉಳಿ ಮಾಡುಸ್ಕೊಂಡ್ ಉಣ್ಣು” ಅನ್ನುತ್ತಿದ್ದರು. ಅವರನ್ನು ಅದೇ ಬಸ್ಸಿನಲ್ಲಿ ಮಲಗಿಸಿಕೊಂಡು ಹುಣಸೂರಿಗೆ ಹೋದೆವು. ಅಲ್ಲಿಂದ ಮೈಸೂರಿಗೆ ಕಳಿಸಿದರು. ತೊಡೆಯ ಮೂಳೆ ಮುರಿದಿತ್ತು. ರಾಡು ಹಾಕಿದರು.

ಊರಿನವರು ತಮ್ಮನ ಮೇಲೆ ಒಂದು ಮಾತೂ ಆಡಲಿಲ್ಲ. ರಸ್ತೆಯ ಮೇಲೆ ಹುರುಳಿ ಹರವಿದ್ದು ನಮ್ಮದೇ ತಪ್ಪು, ಸೊಪ್ಪು ಜಾರಿತು, ಡ್ರೈವರು ಏನು ಮಾಡುತ್ತಾನೆ ಎಂದರು. ಸ್ಟೇಷನ್ನಿನಲ್ಲೂ ಹಾಗೇ ಹೇಳಿದರು. ತಿರುವಿನಲ್ಲಿ ಹಾರನ್ ಕೇಳಿತೇ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಆ ತಿರುವಿನಲ್ಲಿ ಅವನು ಹಾರನ್ ಹೊಡೆಯದ ದಿನ ಒಂದಿತ್ತೆಂದು ಯಾರಿಗೂ ಹೊಳೆಯಲೇ ಇಲ್ಲ. ಓಡಿ ತಪ್ಪಿಸಿಕೊಂಡವರೂ, ನಾವು ಕಣ್ಣಲ್ಲಿ ಕಂಡೆವೋ ಕಿವಿಯಲ್ಲಿ ಕೇಳಿದೆವೋ ನೆನಪಿಲ್ಲ, ಹೊಡೆದೇ ಇರುತ್ತಾನೆ ಬಿಡು ಎಂದರು.

ದೊಡ್ಡವ್ವ ತಿಂಗಳುಗಳ ಮೇಲೆ ಊರುಗೋಲು ಹಿಡಿದು ಜಗಲಿಗೆ ಬಂದರು. ಅಷ್ಟರಲ್ಲಿ ಮನೆಯಲ್ಲಿ ಒಂದು ಮಾತು ತಾನಾಗಿಯೇ ಹುಟ್ಟಿ ಬೆಳೆದಿತ್ತು.

“ಅವ್ವುಂಗೆ ಕಿವಿ ಓಗದೆ ಕಣ್ರೀ ಟೀಚರಮ್ಮ” ಎಂದಳು ಸೊಸೆ. “ಊರ್ಗೆಲ್ಲ ಕೇಳೋ ಹಾರನ್ನು ಅವ್ರಿಗ್ ಕೇಳ್ನಿಲ್ಲ ಅಂದ್ಮೇಲೆ ಇನ್ನೇನು?”

ಸೊಸೆ ಕೆಟ್ಟವಳಲ್ಲ. ಅತ್ತೆಗೆ ಬಿಸಿನೀರು ಕಾಯಿಸಿ, ಕಾಲು ನೀವಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಕಿವಿ ಹೋಗಿದೆ ಎಂದುಕೊಂಡಿದ್ದರಿಂದ ಕಿರುಚಿ ಮಾತಾಡುತ್ತಿದ್ದಳು, ಅಷ್ಟೆ. “ಅವ್ವಾ, ಉಣ್ತೀಯಾ?” ಎಂದರೆ ನಮ್ಮ ಅಂಗನವಾಡಿಯ ಮಕ್ಕಳು ಬೆಚ್ಚುತ್ತಿದ್ದವು. ಮಗನೂ ಕಿರುಚಿದ. ಬೀದಿಯಲ್ಲಿ ಹೋಗುವವರೂ ಕೈಸನ್ನೆ ಮಾಡಿ ಮಾತಾಡಿಸಿದರು. ಹೊಲಕ್ಕೆ ಬೇಡ, ರಸ್ತೆ ದಾಟಬೇಡ, ಹಾವು ಬುಸುಗುಟ್ಟಿದರೂ ಗೊತ್ತಾಗುವುದಿಲ್ಲ ಎಂದರು.

ದೊಡ್ಡವ್ವ ಅದನ್ನು ನಂಬಿಬಿಟ್ಟರು. ಮಧ್ಯಾಹ್ನ ಮಕ್ಕಳನ್ನು ಮಲಗಿಸಿ ನಾನು ಹೊರಗೆ ಬಂದರೆ, ಅವರು ಜಗಲಿಯ ಮೇಲೆ ಚೊಂಬು ಇಟ್ಟುಕೊಂಡು ಅದರೊಳಕ್ಕೆ ಹುಣಿಸೆಬೀಜ ಒಂದೊಂದೇ ಬಿಡುತ್ತ, ತಲೆ ಓರೆ ಮಾಡಿ ಕೂತಿರುತ್ತಿದ್ದರು.

“ಟೀಚರಮ್ಮ, ಈಗ ಕೋಳಿ ಕೂಗ್ತಾ?”

“ಊಂ ದೊಡ್ಡವ್ವ, ಕೂಗ್ತು.”

“ನಂಗೂ ಕೇಳ್ದಂಗಾಯ್ತು” ಎಂದು ಚೊಂಬಿಗೆ ಇನ್ನೊಂದು ಬೀಜ ಬಿಟ್ಟು, “ಇದು ಕೇಳ್ತದೆ, ಅದೊಂದು ಯಾಕ್ ಕೇಳ್ನಿಲ್ಲವ್ವ?” ಎಂದರು.

ಮೆಲ್ಲಗೆ ಆಡಿದ ನನ್ನ ಮಾತು ಅವರಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಅದನ್ನು ಅವರಿಗೂ ಹೇಳಿದೆ, ಸೊಸೆಗೂ ಹೇಳಿದೆ. ನೀವು ಮುಖ ಕೊಟ್ಟು ಮಾತಾಡುತ್ತೀರಿ, ತುಟಿ ನೋಡಿದರೇ ತಿಳಿಯುತ್ತದೆ ಎಂದುಬಿಟ್ಟರು ಇಬ್ಬರೂ. ಒಂದು ಸದ್ದಿಗೆ ಲೆಕ್ಕ ಸಿಗುವವರೆಗೆ ಬೇರೆ ಯಾವ ಸದ್ದೂ ಅವರ ಕಿವಿಗೆ ಸಾಕ್ಷಿಯಾಗುವಂತಿರಲಿಲ್ಲ.

ಹಾರನ್ ಹೊಡೆಯಲಿಲ್ಲವೆಂದು ಯಾಕೆ ಹೇಳಲಿಲ್ಲ ಎಂದು ತಮ್ಮನನ್ನು ಅಪಘಾತದ ಸಂಜೆಯೇ ಕೇಳಿದ್ದೆ. ಅವನು ಉಣ್ಣದೆ ಕೂತಿದ್ದ. “ಏಳಿದ್ರೆ ಲೈಸೆನ್ಸ್ ಓಯ್ತದೆ ಅಕ್ಕ” ಎಂದಿದ್ದ. ಅವನ ಎರಡು ಮಕ್ಕಳು ಆಗ ಶಾಲೆಯಲ್ಲಿದ್ದವು. ನಾನಾಗಿ ಬಾಯಿ ಬಿಡಲಾರದೆ, ನೀನೇ ಹೋಗಿ ಹೇಳು ಎಂದು ಆಮೇಲೂ ಅವನಿಗೆ ಆಗಾಗ ಹೇಳುತ್ತ ಬಂದೆ. ಅವನು ಬಸ್ಸು ಓಡಿಸುವಾಗ ಫೋನು ಮುಟ್ಟುವುದನ್ನೇ ಬಿಟ್ಟಿದ್ದ, ಆರಿಸಿ ಕಂಡಕ್ಟರನ ಕೈಗೆ ಕೊಟ್ಟುಬಿಡುತ್ತಿದ್ದ. ಅಷ್ಟರಿಂದ ಸರಿಹೋಯಿತೆಂದು ಅವನ ಮನಸ್ಸು ಎಣಿಸಿತ್ತೋ ಏನೋ.

ಮುಂದಿನ ಬೇಸಿಗೆಗೆ ದೊಡ್ಡವ್ವನ ಮೊಮ್ಮಗಳ ಮದುವೆ ಗೊತ್ತಾಯಿತು. ಚಪ್ಪರಕ್ಕೆ ಗಳ ಬಂತು. ಕೇರಿಯ ಹೆಂಗಸರು ಬಂದು, “ದೊಡ್ಡವ್ವ, ಅರಿಸಿನ ಕುಟ್ಟೋಕೆ ನೀನೇ ದನಿ ಎತ್ತಬೇಕು” ಎಂದು, ಎಲ್ಲರೂ ಸೇರಿ, ಕಿರುಚಿಯೇ ಹೇಳಿದರು.

ದೊಡ್ಡವ್ವ ಕೈ ಅಲ್ಲಾಡಿಸಿದರು. “ಬ್ಯಾಡ ಕಣ್ರವ್ವ. ಕಿವಿ ಇಲ್ದೋಳು ದನಿ ಎತ್ತುದ್ರೆ ಎಲ್ಲಿಗೋ ಓಯ್ತದೆ. ಮದ್ವೆ ಮನೇಲಿ ನಗಾಡ್ತರೆ. ಬೇರೆ ಯಾರಾರ ಏಳ್ಲಿ.”

ಆ ಸಂಜೆ ತಮ್ಮನಿಗೆ ಇದನ್ನು ಹೇಳಿದೆ. ಬೇರೆ ಏನೂ ಹೇಳಲಿಲ್ಲ, ಬಯ್ಯಲಿಲ್ಲ. ಮಾರನೆಯ ದಿನ ಊರಿನಲ್ಲಿ ಜನ ಇಳಿದ ಮೇಲೆ, ಕಂಡಕ್ಟರನಿಗೆ ಸ್ವಲ್ಪ ನಿಲ್ಲು ಎಂದು ಹೇಳಿ ನನ್ನ ಹಿಂದೆಯೇ ಬಂದ. ದೊಡ್ಡವ್ವ ಜಗಲಿಯ ಮೇಲಿದ್ದರು. ಮಗ ಚಪ್ಪರದ ಗುಂಡಿ ತೆಗೆಯುತ್ತಿದ್ದ. ಸೊಸೆ ಹೊಸಲಿನಲ್ಲಿ ಅಕ್ಕಿ ಆರಿಸುತ್ತಿದ್ದಳು.

ತಮ್ಮ ಜಗಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತ. ಮೆಲ್ಲಗೇ ಮಾತಾಡಿದ.

“ದೊಡ್ಡವ್ವ, ಅವತ್ತು ನಾನು ಹಾರನ್ ಒಡೀಲೇ ಇಲ್ಲ.”

ಅವರು ಅವನನ್ನೇ ನೋಡಿದರು.

“ಕೈಯಲ್ಲಿ ಫೋನಿತ್ತು. ಬಸ್ಸು ಎಲ್ಲಿಗ್ ಬಂತು ಅಂತ ಯಾರೋ ಕೇಳ್ತಿದ್ರು. ಅವ್ರಿಗೆ ಏಳ್ತಾ ಇದ್ದೆ. ನಿಮ್ ಕಿವಿಗೆ ಏನೂ ಆಗಿಲ್ಲ. ಸದ್ದೇ ಇರ್ಲಿಲ್ಲ ದೊಡ್ಡವ್ವ.”

ಮಗನ ಕೈಯ ಹಾರೆ ನಿಂತಿತು. “ಏನಂದೆ?” ಎಂದು ಎದ್ದು ಬಂದು ತಮ್ಮನ ಅಂಗಿಯ ಕೊರಳಿಗೆ ಕೈ ಹಾಕಿದ. “ಒಂದ್ ವರ್ಸ ನಮ್ಮವ್ವುನ್ನ ಕಿವುಡಿ ಮಾಡ್ಬುಟ್ಟು ಈಗ ಬಂದಿದ್ದಯೇನ್ಲಾ?” ತಮ್ಮ ಕೈ ಎತ್ತಲಿಲ್ಲ, ತಲೆಯನ್ನೂ ಎತ್ತಲಿಲ್ಲ.

“ಬುಡ್ಲಾ ಅವ್ನ” ಎಂದರು ದೊಡ್ಡವ್ವ. ಆ ದನಿಯನ್ನು ಕೇಳಿ ಎಷ್ಟೋ ದಿನವಾಗಿತ್ತು. ಮಗ ಬಿಟ್ಟ.

ತಮ್ಮ ಎದ್ದು ನಿಂತು, ಏನು ತೋಚಿತೋ, “ಬಸ್ಸು ಅಲ್ಲೇ ನಿಂತದೆ, ಓಗಿ ಒಡೀತೀನಿ, ನೀವೇ ಕೇಳಿ ನೋಡಿ” ಎಂದ.

“ಬ್ಯಾಡ” ಎಂದರು ದೊಡ್ಡವ್ವ. “ಈಗ ಒಡೆದು ಏನ್ ಮಾಡೀಯೆ? ಅವತ್ತು ಒಡೀಬೇಕಾಗಿತ್ತು.”

ಆಮೇಲೆ ಅವರು ಅತ್ತರು. ಕಾಲಿಗಾಗಿ ಒಂದು ದಿನವೂ ಅತ್ತದ್ದನ್ನು ನಾನು ಕಂಡಿರಲಿಲ್ಲ. ಸೊಸೆ ಮೊರ ಪಕ್ಕಕ್ಕಿಟ್ಟು ಹತ್ತಿರ ಬಂದು ಎಂದಿನಂತೆ ಗಟ್ಟಿಯಾಗಿ, “ಅವ್ವಾ, ನೀರ್ ಕುಡೀತೀಯಾ?” ಎಂದಳು.

“ಕಿರುಚ್ಬ್ಯಾಡ ಕಣವ್ವ” ಎಂದು ಸೆರಗಿನಲ್ಲಿ ಕಣ್ಣೊರಸಿಕೊಂಡರು. “ಕೇಳ್ತದೆ.”

ತಮ್ಮನನ್ನು ಮಗ ಸ್ಟೇಷನ್ನಿಗೆ ಕರೆದುಕೊಂಡು ಹೋದ. ಅಲ್ಲಿಯೂ ಅವನು ಅದೇ ಮಾತು ಹೇಳಿದ. ಲೈಸೆನ್ಸು ಕೆಲವು ತಿಂಗಳು ಹೋಯಿತು. ಆ ತಿಂಗಳುಗಳಲ್ಲಿ ಹುಣಸೂರಿನ ಹೊಗೆಸೊಪ್ಪಿನ ಗೋದಾಮಿನಲ್ಲಿ ಬೇಲು ಹೊತ್ತ. ಬಸ್ಸನ್ನು ಬೇರೆಯವರು ಓಡಿಸಿದರು. ಅವರ ಜೇಬಿನಲ್ಲೂ ಫೋನಿತ್ತು. ನಾನು ಅದೇ ಸೀಟಿನಲ್ಲಿ ಕೂತು ಅದೇ ಮಾತು ಹೇಳುತ್ತಿದ್ದೆ, ನಿಲ್ಲಿಸಿ ಮಾತಾಡಪ್ಪ ಎಂದು.

ಗಾಡಿ ಓಡಿಸುವಾಗ ಫೋನನ್ನು ನಿಷೇಧಿಸಬೇಕೇ ಎಂದು ಈಗಲೂ ಜನ ವಾದ ಮಾಡುವುದನ್ನು ಕೇಳುತ್ತೇನೆ. ನಿಷೇಧಿಸಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಬಸ್ಸು ಎಲ್ಲಿಗೆ ಬಂತು ಎಂದು ಕೇಳುವವರೂ ಸ್ವಲ್ಪ ಸುಮ್ಮನಿರಬೇಕು. ಬಸ್ಸು ಬರುತ್ತದೆ. ಬಂದಾಗ ಗೊತ್ತಾಗುತ್ತದೆ.

ಮದುವೆಯಲ್ಲಿ ಅರಿಸಿನ ಕುಟ್ಟುವಾಗ ಒರಳಿನ ಸುತ್ತ ಹೆಂಗಸರು ನಿಂತಿದ್ದರು. ದೊಡ್ಡವ್ವ ಕೂರಲಾರದೆ ಕಂಬಕ್ಕೆ ಒರಗಿ, ಊರುಗೋಲನ್ನು ಸೊಸೆಯ ಕೈಗೆ ಕೊಟ್ಟು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಮೊದಲ ದನಿ ನಡುಗಿತು. ಅವರು ನಿಲ್ಲಿಸಿ, ತಾವೇ ಕೇಳಿಸಿಕೊಂಡವರಂತೆ ತಲೆ ಓರೆ ಮಾಡಿ, ಮತ್ತೆ ಎತ್ತಿದರು. ಚಪ್ಪರದ ಆಚೆ, ಬೀದಿಯ ಕೊನೆಯಲ್ಲಿ, ಒಳಗೆ ಬರಲು ಮನಸ್ಸಾಗದೆ ನಿಂತಿದ್ದ ನನ್ನ ತಮ್ಮನಿಗೂ ಅದು ಕೇಳಿತಂತೆ.