ಪುಸ್ತಕದಲ್ಲಿದ್ದ ಒಂದು ‘ಅಥವಾ’

ಬೊಂಬಾಯಿಯಿಂದ ಕಾರ್ಡು ಬಂದಾಗ ನಾನು ಬಾವಿಕಟ್ಟೆಯಲ್ಲಿ ನೀರು ಸೋಸುತ್ತಿದ್ದೆ. ಕೊಡದ ಬಾಯಿಗೆ ಬಟ್ಟೆ ಕಟ್ಟಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಬಾವಿಗೇ ಬಿಡುವುದು ನಮ್ಮ ಜೈನರ ಮನೆಯ ಪದ್ಧತಿ. ಅಂದು ಕಾರ್ಡಿಗೆ ಕೈ ಚಾಚುವ ಭರದಲ್ಲಿ ಅರ್ಧ ನೀರು ನನ್ನ ಪಾದಕ್ಕೇ ಬಿತ್ತು. ಅತ್ತೆಯವರು ಮದ್ದು ತೆಗೆದುಕೊಂಡು ಬದುಕುತ್ತಾರೋ, ಬೇಡವೆಂದು ಹೋಗಿಬಿಡುತ್ತಾರೋ ಎಂಬುದು ಆ ಕಾರ್ಡಿನಲ್ಲಿತ್ತು. ಇದ್ದದ್ದು ಇಂಗ್ಲಿಷಿನಲ್ಲಿ. ತಿರುಗಿಸಿ ನೋಡಿದೆ; ಆ ಕಡೆಯೂ ಇಂಗ್ಲಿಷೇ.

ನಮ್ಮವರು ಮೂಡಬಿದಿರೆಯಲ್ಲಿ ಒಬ್ಬ ಡಾಕ್ಟರರ ಕೈಕೆಳಗೆ ಕಂಪೌಂಡರು. ಯಾವ ಮದ್ದು ಯಾವುದಕ್ಕೆ, ಎಷ್ಟು, ಕೊಟ್ಟರೆ ಏನಾದೀತು ಎಂದು ಬರೆದ ಒಂದು ದಪ್ಪ ಪುಸ್ತಕ ಅವರಲ್ಲಿತ್ತು. ಹಪ್ಪಳ ಒತ್ತಲು ಹೇಳಿ ಮಾಡಿಸಿದಂಥ ತೂಕ. ಒಮ್ಮೆ ಒತ್ತಿ ಬೈಸಿಕೊಂಡದ್ದೂ ಉಂಟು. ಶ್ರುತಪಂಚಮಿಯ ದಿನ ನಾವು ಶಾಸ್ತ್ರಗ್ರಂಥಗಳನ್ನು ಪೂಜಿಸುತ್ತೇವೆ. ಮದುವೆಯಾದ ಹೊಸತರಲ್ಲಿ, ನಮಗೆ ಅನ್ನ ಕೊಡುವ ಶಾಸ್ತ್ರ ಇದೇ ಅಲ್ಲವೇ ಎಂದು, ಇದಕ್ಕೂ ಒಂದು ಹೂ ಇಟ್ಟೆ. ಆಮೇಲೆ ತಿಳಿಯಿತು, ಅದರೊಳಗೆ ನಾವು ಮುಟ್ಟದ ಮೀನೆಣ್ಣೆ, ಜೇನು, ಏನೇನೋ ಉಂಟೆಂದು. ಮರುವರ್ಷ ಇಡಲೂ ಮನಸ್ಸಿಲ್ಲ, ಬಿಡಲೂ ಮನಸ್ಸಿಲ್ಲ. ಪುಸ್ತಕವನ್ನು ಒಂದು ಗೇಣು ಆಚೆ ಸ್ಟೂಲಿನ ಮೇಲೆ ಕೂರಿಸಿ, ಹೂವಿನ ಬದಲು ಒಂದು ಎಸಳು ಇಟ್ಟೆ.

ಅದನ್ನು ಬರೆದವರಿಗೆ ಸೂರ್ಯ ಮುಳುಗಿದ ಮೇಲೆ ಏನನ್ನೂ ಬಾಯಿಗೆ ಹಾಕದ ಜನ ಭೂಮಿಯ ಮೇಲಿದ್ದಾರೆಂದು ಗೊತ್ತಿರಲಾರದು. ‘ಮಲಗುವಾಗ ಒಂದು ಚಮಚ’ ಎನ್ನುತ್ತದೆ ಪುಸ್ತಕ. ಅತ್ತೆಯವರು ಆ ಒಂದು ಚಮಚಕ್ಕಾಗಿ ಸಂಜೆ ಐದಕ್ಕೇ ಚಾಪೆ ಹಾಸಿ ಮಲಗಿ, ಮದ್ದು ಕುಡಿದು, ಎದ್ದು ಕೂತು ಜಪ ಮಾಡಿದವರು.

ಅಂಥ ಅತ್ತೆಯ ಮುಖ ಆ ವರ್ಷ ಸುಣ್ಣದ ಗೋಡೆಯಂತಾಯಿತು. ನಾಲಗೆ ಉರಿ, ಪಾದಗಳಲ್ಲಿ ಜುಮುಜುಮು, ಬಸದಿಯ ಮೆಟ್ಟಿಲು ಹತ್ತುವಾಗ ಎರಡು ಕಡೆ ಕೂರಬೇಕು. ರಕ್ತ ಹುಟ್ಟುತ್ತಿಲ್ಲ, ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದರು ಡಾಕ್ಟರು. ಪುಸ್ತಕದಲ್ಲಿದ್ದ ಮದ್ದು ಒಂದೇ, ಪ್ರಾಣಿಯ ಲಿವರಿನ ಸಾರ. ಅತ್ತೆ ಗೋಡೆಯ ಕಡೆ ಮಗ್ಗುಲಾದರು.

ನಮ್ಮವರು ಮಂಗಳೂರಿನಿಂದ ಅದೇ ಪುಸ್ತಕದ ಹೊಸ ಮುದ್ರಣ ತರಿಸಿದರು. ಅದರಲ್ಲಿ ಅದೇ ಕಾಯಿಲೆಗೆ ಹೊಸದೊಂದು ವಿಟಮಿನ್ ಇಂಜೆಕ್ಷನ್ನು ಬಂದಿತ್ತು. ಹಳಸಿದ ಅನ್ನದ ಮೇಲೆ ಬೆಳೆಯುವ ಬೂಷ್ಟಿನಂಥದ್ದರಿಂದ ತೆಗೆಯುತ್ತಾರಂತೆ. ಇವರು ಅದನ್ನೂ ತರಿಸಿ, ಮಕ್ಕಳ ಹಾಗೆ ಓಡಿ ಬಂದು ಗಾಜಿನ ಪುಟ್ಟ ಶೀಷೆಯನ್ನು ತಾಯಿಯ ಕಣ್ಣೆದುರು ಹಿಡಿದರು. ಮದ್ದು ದಾಸವಾಳ ಹಿಂಡಿದಷ್ಟು ಕೆಂಪು.

“ಇದು ರಕ್ತ,” ಎಂದರು ಅತ್ತೆ.

ಅದರ ಬಣ್ಣವೇ ಹಾಗೆ ಎಂದು ಇವರು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. “ನೀನು ನನ್ನ ಮಗ. ನನ್ನನ್ನು ಉಳಿಸ್ಲಿಕ್ಕೆ ಸುಳ್ಳಾದ್ರೂ ಹೇಳ್ತಿ. ಆ ಪುಸ್ತಕಕ್ಕೆ ನಾನು ಯಾರೂ ಅಲ್ಲ. ಅದರಲ್ಲಿ ಏನುಂಟು ಅಂತ ಹೊರಗಿನವರು ಯಾರಾದ್ರೂ ಓದಿ ಹೇಳ್ಲಿ.”

ಇವರ ಮುಖ ಸಣ್ಣದಾಯಿತು. ನನಗೂ ಸಂಕಟವಾಯಿತು, ಆದರೆ ಅತ್ತೆಯ ಮಾತಿನಲ್ಲಿ ತಪ್ಪು ಹುಡುಕಲಾಗಲಿಲ್ಲ. ನಾನಾಗಿದ್ದರೆ, ಪಾಪ ನನಗೇ ಇರಲಿ ಎಂದು, ಸುಳ್ಳು ಹೇಳಿಯೇ ಬಿಡುತ್ತಿದ್ದೆ.

ಪಕ್ಕದ ಬಾಡಿಗೆಮನೆಯಲ್ಲಿ ಬಂಟ್ವಾಳ ಕಡೆಯ ಇಂಗ್ಲಿಷ್ ಮೇಷ್ಟ್ರು ಇದ್ದರು. ಅವರು ಬಂದು ಕನ್ನಡಕ ಒರೆಸಿ, ಆ ಪುಟವನ್ನು ಪರೀಕ್ಷೆಗೆ ಕೂತ ಹುಡುಗನ ಹಾಗೆ ಬೆವರುತ್ತ ಓದಿದರು. ಮದ್ದಿನ ಬಣ್ಣ ಕೆಂಪು ಎಂದು ಅದರಲ್ಲಿತ್ತು. ನನಗೆ ಹೋದ ಜೀವ ಬಂದಂತಾಯಿತು. ಮುಂದಿನ ಸಾಲಿಗೆ ಅದು ಮತ್ತೆ ಹೋಯಿತು. ಇದನ್ನು ಲಿವರಿನಿಂದ ‘ಅಥವಾ’ ಬೂಷ್ಟಿನಂಥದ್ದರಿಂದ ತೆಗೆಯುತ್ತಾರೆ ಎಂದಿತ್ತು. ಅತ್ತೆ ಎತ್ತಿದ್ದ ತಲೆಯನ್ನು ಮತ್ತೆ ದಿಂಬಿಗಿಟ್ಟರು.

ಆ ‘ಅಥವಾ’ ನಮ್ಮ ಮನೆಯಲ್ಲಿ ಕರೆಯದ ನೆಂಟನಂತೆ ತಳವೂರಿತು. ನಮ್ಮ ಕೈಯಲ್ಲಿದ್ದ ಶೀಷೆ ಯಾವುದರದ್ದೆಂದು ಕೇಳಿ ಇವರು ಬೊಂಬಾಯಿಯ ಕಂಪೆನಿಗೆ ಬರೆದರು. ನಾನು ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದೆ, ಒಮ್ಮೆ ಹಾಕಲೇ ಇಲ್ಲ. ನಮೋಕಾರ ಮಂತ್ರ ಹೇಳುತ್ತ ಹೇಳುತ್ತ ಕಿವಿ ಅಂಚೆಯವನ ಸೈಕಲ್ಲಿನ ಗಂಟೆಗೆ ಹೋಗುತ್ತಿತ್ತು. ಇಂದು ಅತ್ತೆಗೆ ಅರ್ಧ ಲೋಟ ಗಂಜಿ ಇಳಿಯಿತು, ಅದೊಂದು ಉಪಕಾರ. ಇಂದು ಉಪ್ಪಿನ ವಿಷಯಕ್ಕೆ ನನ್ನನ್ನು ಬೈದರು, ಅದು ಇನ್ನೂ ದೊಡ್ಡ ಉಪಕಾರ. ಬೈಯಲಿಕ್ಕೆ ಉಸಿರು ಬೇಕಲ್ಲ.

ಹಾಗಾಗಿ ಕಾರ್ಡು ಬಂದಾಗ ಕೊಡವನ್ನು ಅಲ್ಲೇ ಬಿಟ್ಟು, ಒದ್ದೆ ಕಾಲಿನಲ್ಲೇ ಶಾಲೆಗೆ ಹೋದೆ. ಮೇಷ್ಟ್ರು ಜಗಲಿಗೆ ಬಂದು ಓದಿದರು. ಅವರ ಹಿಂದೆ ಕಿಟಕಿ ತುಂಬ ಮಕ್ಕಳ ತಲೆ.

“ಬೂಷ್ಟಿಂದೇ ಅಕ್ಕ. ಲಿವರ್ ಅಲ್ಲವೇ ಅಲ್ಲ ಅಂತ ಬರೆದಿದ್ದಾರೆ.”

ಮಧ್ಯಾಹ್ನ ಮನೆಗೆ ಬಂದು ಅತ್ತೆಗೂ ಎರಡು ಸಲ ಓದಿ ಹೇಳಿದರು. ಗೆದ್ದೆವೆಂದುಕೊಂಡೆ. ಅತ್ತೆ ನಿಧಾನವಾಗಿ ಕೇಳಿದರು: “ಬೂಷ್ಟಿಗೆ ಜೀವ ಇಲ್ವಾ?”

ಆ ವಿಷಯ ಪುಸ್ತಕದಲ್ಲಿಲ್ಲ ಎಂದು ಮೇಷ್ಟ್ರು ಮೆಲ್ಲನೆ ಹೇಳಿದರು.

“ಈ ಪುಸ್ತಕದಲ್ಲಿ ಇಲ್ಲದಿದ್ರೆ ನಮ್ಮ ಶಾಸ್ತ್ರದಲ್ಲಿ ಉಂಟು,” ಎಂದರು ಅತ್ತೆ. “ಒಂದೇ ಇಂದ್ರಿಯದ ಜೀವ, ಸೊಪ್ಪು ತರಕಾರಿಯ ಹಾಗೆ. ಆದ್ರೂ ನನಗಾಗಿ ಎಷ್ಟು ಹೋಯ್ತೋ ಲೆಕ್ಕ ಇಲ್ಲ. ಆ ಪಾಪಕ್ಕೆ ಇನ್ನು ಸಾಯುವವರೆಗೆ ನನಗೆ ಬೆಲ್ಲ ಬೇಡ.” ಹಾಗೆಂದು ಸೆರಗು ಸರಿಸಿ ತೋಳು ಮುಂದೆ ಚಾಚಿದರು. ಬೆಲ್ಲವೆಂದರೆ ಅವರಿಗೆ ಎಷ್ಟು ಪ್ರೀತಿಯೆಂದು ನನಗೆ ಗೊತ್ತು. ಡಬ್ಬಿಯ ಮುಚ್ಚಳದ ಸದ್ದು ಎಷ್ಟೋ ಸಲ ಕೇಳಿಯೂ ಕೇಳದವಳಂತೆ ಇದ್ದೇನೆ.

ಸೂಜಿಯಿಂದ ಒಳಗೆ ಹೋದದ್ದು ಊಟವೋ ಅಲ್ಲವೋ ಎಂಬ ಇನ್ನೊಂದು ಚರ್ಚೆ ಹುಟ್ಟುವ ಮೊದಲೇ ಡಾಕ್ಟರು ಹಗಲಿನಲ್ಲಿ ಬಂದು ಚುಚ್ಚಿಯೂ ಆಯಿತು. ಕೆಲವೇ ವಾರಗಳಲ್ಲಿ ಅತ್ತೆಯ ತುಟಿಗೆ ಬಣ್ಣ ಬಂತು. ಆದರೆ ನನಗೆ ನೆನಪಿರುವುದು ಆ ಮೊದಲ ಸಂಜೆಯೇ. ಇವರು ಪುಸ್ತಕ ಬಿಡಿಸಿ, ಆ ‘ಅಥವಾ’ದ ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಏನೋ ಬರೆಯಹೊರಟಿದ್ದರು. ಅತ್ತೆ ಮಲಗಿದಲ್ಲಿಂದಲೇ ಕೇಳಿದರು, ಎಂಥ ಬರೆಯುವುದು ಎಂದು. ಕಂಪೆನಿಯ ಉತ್ತರ ಎಂದರು ಇವರು.

“ಕೆಂಪು ಅಂದ್ರೆ ರಕ್ತ ಅಲ್ಲ ಅಂತ್ಲೂ ಬರಿ, ಕನ್ನಡದಲ್ಲಿ. ನಾಳೆ ಇನ್ನೊಬ್ಬಳು ನನ್ನ ಹಾಗೆ ಹೆದರುವುದು ಬೇಡ.”

ಮಗನಿಗೆ ತಾಯಿ ಉಕ್ತಲೇಖನ ಕೊಟ್ಟರು, ಮಗ ಬರೆದುಕೊಂಡರು. ಬಿಸಿಲು ಅಂಗಳದಿಂದ ಜಾರುತ್ತಿತ್ತು. ಕತ್ತಲೆಗೆ ಮೊದಲು ಊಟವಾಗಬೇಕು. ಇನ್ನು ಅತ್ತೆಯವರ ಸಾರು ಬೆಲ್ಲ ಹಾಕದೆ ಬೇರೆಯೇ ಕುದಿಯಬೇಕಲ್ಲ. ನಾನು ಒಳಗೆ ಹೋಗಿ ಇನ್ನೊಂದು ಸಣ್ಣ ಪಾತ್ರೆ ತೊಳೆದು ಒಲೆಯ ಮೇಲಿಟ್ಟೆ.