ನಾನು ಆಸೆಪಟ್ಟು ಹುಡುಕಿದ ಬಿಸಿಲು

ಎರಡು ವರ್ಷಗಳ ಹಿಂದೆ, ಶಿವರಾತ್ರಿ ಕಳೆದ ವಾರದಲ್ಲಿ, ನಾನು ನನ್ನ ಗೊಂಬೆ ಕಾರ್ಖಾನೆಯನ್ನು ಜಯನಗರದಿಂದ ಇಟ್ಟಮಡುವಿಗೆ ಸಾಗಿಸಿದೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ನಾನು, ನನ್ನ ಹೆಂಡತಿ ಸರೋಜ, ಗೋಡೆಯುದ್ದಕ್ಕೂ ಜೋಡಿಸಿದ ಅಚ್ಚುಗಳು, ಒಂದು ಒಲೆ, ಹತ್ತಾರು ಬಕೆಟ್ಟುಗಳು. ದಸರೆಯಲ್ಲಿ ಕೂರಿಸುವ ಗೊಂಬೆಗಳನ್ನು ನಾವು ಕಾಗದದಿಂದ ಮಾಡುತ್ತೇವೆ. ನೆನೆಸಿ ರುಬ್ಬಿದ ಕಾಗದವನ್ನು ಅಚ್ಚಿಗೆ ಒತ್ತಿ, ಒಣಗಿದ ಮೇಲೆ ಮುಂದಿನ ಭಾಗಕ್ಕೆ ಹಿಂದಿನದನ್ನು ಅಂಟಿಸಿ, ಅದರ ಮೇಲೆ ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಸೀಮೆಸುಣ್ಣದ ಬಿಳಿಯನ್ನು ಬಳಿಯುತ್ತೇವೆ. ಬಣ್ಣ ಕೂರುವುದು ಆ ಬಿಳಿಯ ಮೇಲೆ. ಬಿಳಿ ಕೆಟ್ಟರೆ ಗೊಂಬೆ ಕೆಟ್ಟಂತೆಯೇ.

ಈ ಕೆಲಸವನ್ನು ನನಗೆ ಯಾರೂ ಕಲಿಸಲಿಲ್ಲ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಯಾರೋ ಬಿಸಾಡಿದ ಹಳೆಯ ಗೊಂಬೆಯೊಂದನ್ನು ನೀರಿನಲ್ಲಿ ನೆನೆಸಿ, ಪದರ ಪದರವಾಗಿ ಬಿಡಿಸಿ ನೋಡಿ ಕಲಿತೆ. ಮಿಕ್ಕದ್ದನ್ನು ಗ್ರಂಥಾಲಯದ ಪುಸ್ತಕಗಳಿಂದಲೂ ಕೈ ಸುಟ್ಟುಕೊಂಡೂ ತಿಳಿದೆ. ಆ ಕಾರಣದಿಂದಲೋ ಏನೋ, ಯಾರಾದರೂ ಬಂದು 'ಹೀಗಂತೆ' ಎಂದರೆ ನನಗೆ ನಂಬಿಕೆ ಹುಟ್ಟುವುದಿಲ್ಲ. ಹೇಳಿದವರು ಯಾರು, ಅವರು ಮಾಡಿ ನೋಡಿದ್ದಾರೆಯೇ ಎಂದು ಕೇಳುತ್ತೇನೆ. ನಾನು ಇದನ್ನು ವಿವೇಕವೆಂದು ತಿಳಿದಿದ್ದೇನೆ. ಸರೋಜ ಹಠವೆನ್ನುತ್ತಾಳೆ.

ಜಯನಗರದಲ್ಲಿ ಒಂದು ಹಳೆಯ ಮನೆಯ ಹಿತ್ತಿಲಿನ ಶೆಡ್ಡಿನಲ್ಲಿ ಮೂವತ್ತು ವರ್ಷ ಬಾಡಿಗೆಗಿದ್ದೆವು. ಮನೆಯನ್ನು ಮಾರಿದರು, ಬಿಡಬೇಕಾಯಿತು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸಂತೋಷವೂ ಆಗಿತ್ತು. ಅದಕ್ಕೆ ಕಾರಣ ಬಿಸಿಲು. ನಾವು ಅಲ್ಲಿಗೆ ಹೋದ ಮೂರನೆಯ ವರ್ಷ ಪಶ್ಚಿಮದ ಪಕ್ಕದಲ್ಲಿ ಶ್ರೀನಿವಾಸಯ್ಯ ಎಂಬವರು ನಾಲ್ಕು ಅಂತಸ್ತು ಎಬ್ಬಿಸಿದರು. ಅಂದಿನಿಂದ ಮಧ್ಯಾಹ್ನ ಒಂದು ಗಂಟೆಯಾಗುತ್ತಲೇ ನಮ್ಮ ಹಿತ್ತಿಲಿಗೆ ಅವರ ಕಟ್ಟಡದ ನೆರಳು ಬೀಳುತ್ತಿತ್ತು. ಬಿಳಿ ಬಳಿದ ಗೊಂಬೆಗೆ ಸಂಜೆಯವರೆಗೂ ಕಡುಬಿಸಿಲು ಬೇಕು ಎಂಬುದು ನಾನೇ ಮಾಡಿಕೊಂಡಿದ್ದ ನಿಯಮ. ನನ್ನ ಬಿಸಿಲನ್ನು ಕದ್ದರೆಂದು ಅವರ ಮೇಲೆ ಅರ್ಜಿ ಕೊಟ್ಟೆ, ಬೀದಿಯಲ್ಲಿ ನಿಂತು ಕೂಗಾಡಿದೆ. ಏನೂ ಆಗಲಿಲ್ಲ.

ಆದ್ದರಿಂದ ಹೊಸ ಜಾಗ ಹುಡುಕುವಾಗ ಎಲ್ಲ ಕಡೆ ನಾನು ಕೇಳಿದ್ದು ಒಂದೇ ಪ್ರಶ್ನೆ. ಇಟ್ಟಮಡುವಿನಲ್ಲಿ ಮುನಿರತ್ನಮ್ಮನವರ ಮನೆಯ ಎರಡನೆಯ ಮಹಡಿಯನ್ನೂ ತಾರಸಿಯನ್ನೂ ನೋಡಲು ಹೋದಾಗಲೂ ಅದನ್ನೇ ಕೇಳಿದೆ. ಆಕೆಯ ಮನೆತನದವರು ಅದೇ ನೆಲದಲ್ಲಿ ರಾಗಿ, ಸೊಪ್ಪು ಬೆಳೆಯುತ್ತಿದ್ದವರು. ಈಗ ಅದರ ಮೇಲೆ ಮೂರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ.

"ಬಿಸ್ಲಾ? ಬಿಸ್ಲಿಗೇನ್ ಬರ ಸಾರ್? ಸಂಜೆ ಗಂಟ ತಲೆ ಮೇಲೇ ಕೂತಿರ್ತದೆ. ಬಾಡಿಗೆದಾರ್ರು ಬಿಸ್ಲು ಜಾಸ್ತಿ ಅಂತ ಗಲಾಟೆ ಮಾಡ್ತಾರೆ, ಕೇಳ್ಕೊಂಡ್ ಬಂದೋರು ನೀವೊಬ್ರೇ" ಎಂದು ಆಕೆ ನಕ್ಕರು.

ಮೊದಲ ಸರದಿಯಲ್ಲಿ ಇಪ್ಪತ್ತನಾಲ್ಕು ಗೊಂಬೆಗಳಿಗೆ ಬಿಳಿ ಬಳಿದು, ಜಯನಗರದ ರೂಢಿಯಂತೆ ಹನ್ನೆರಡೂವರೆಗೆ ತಾರಸಿಯಲ್ಲಿ ಸಾಲಾಗಿ ಇಟ್ಟೆವು. ಅಷ್ಟು ಬಿಸಿಲನ್ನು ಕಂಡು ನನಗೆ ಹಬ್ಬವಾಗಿತ್ತು. ನಾಲ್ಕು ಗಂಟೆಗೆ ಸರೋಜ ಮೇಲಿನಿಂದ ಕರೆದಳು. "ರೀ, ಬೇಗ ಬನ್ನಿ. ಮುಖ ಎಲ್ಲಾ ಒಣಗಿದ ಕೆರೆ ಥರ ಆಗ್ಬಿಟ್ಟಿದೆ."

ಒಂದು ಗೊಂಬೆಯೂ ಉಳಿದಿರಲಿಲ್ಲ. ಕೆನ್ನೆ, ಹಣೆ, ಸೀರೆಯ ನೆರಿಗೆ, ಎಲ್ಲೆಡೆ ಕೂದಲೆಳೆಯ ಬಿರುಕುಗಳು. ಬೆರಳಿನಿಂದ ಮುಟ್ಟಿದರೆ ಬಿಳಿ ಚೂರು ಚೂರಾಗಿ ಉದುರುತ್ತಿತ್ತು. ಎರಡನೆಯ ಸರದಿಯೂ ಹಾಗೆಯೇ ಆಯಿತು.

ಅನಂತರ ಶುರುವಾಯಿತು ಊರವರ 'ಅಂತೆ'ಗಳ ಮೆರವಣಿಗೆ. ದಕ್ಷಿಣದ ಬಾಗಿಲು ಕಲೆಗೆ ಆಗಿಬರುವುದಿಲ್ಲವಂತೆ. ಯಾರದೋ ದೃಷ್ಟಿ ತಗುಲಿದೆಯಂತೆ. ವಯಸ್ಸಾದ ಮೇಲೆ ಕಸುಬಿನ ಜಾಗ ಬದಲಿಸಬಾರದಂತೆ. ಇವುಗಳಲ್ಲಿ ಪರೀಕ್ಷೆಗೆ ಯೋಗ್ಯವೆಂದು ನನಗೆ ತೋರಿದ್ದು ಒಂದೇ ಒಂದು: ಬೋರ್‌ವೆಲ್ ನೀರಿನ ಉಪ್ಪು ಅಂಟನ್ನು ಕೆಡಿಸುತ್ತದೆ ಎಂಬುದು. ಜಯನಗರದಲ್ಲಿ ನಾವು ಕಲಸುತ್ತಿದ್ದುದು ಕಾವೇರಿ ನೀರಿನಲ್ಲಿ. ಎರಡು ಕ್ಯಾನು ಹಿಡಿದು, ಬನಶಂಕರಿಯಲ್ಲಿ ಬಸ್ಸು ಬದಲಿಸಿ ಹೋದೆ. ನಮ್ಮ ಹಳೆಯ ಮನೆಗೆ ಬೀಗ ಬಿದ್ದಿತ್ತು, ನಲ್ಲಿಯನ್ನೂ ಕಿತ್ತಿದ್ದರು. ನೀರು ಕೇಳಲು ಉಳಿದಿದ್ದುದು ಶ್ರೀನಿವಾಸಯ್ಯನವರ ಮನೆಯೊಂದೇ.

ಅವರು ಗೇಟಿನ ಬಳಿಯೇ ನಿಂತಿದ್ದರು. "ಏನ್ ಸ್ವಾಮಿ, ಮನೆ ಬಿಟ್ಟ್ರೂ ಜಗಳ ಬಿಡ್ಲಿಲ್ವಾ?" ಎಂದರು.

"ಜಗಳಕ್ಕಲ್ಲ, ನೀರಿಗೆ ಬಂದೆ."

"ಇಷ್ಟು ದೂರದಿಂದ? ಇಟ್ಟಮಡುಲಿ ನೀರಿಲ್ವಾ?"

ಹೇಳದೆ ವಿಧಿಯಿರಲಿಲ್ಲ. ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ಎರಡೂ ಕ್ಯಾನುಗಳನ್ನು ತಾವೇ ತುಂಬಿಸಿ, ಬಸ್ ಸ್ಟಾಪಿನವರೆಗೆ ಒಂದನ್ನು ಹಿಡಿದುಕೊಂಡು ಬಂದರು. "ಸರಿಹೋದ್ರೆ ಫೋನ್ ಮಾಡಿ. ದಿನಾ ಬೇಕಾದ್ರೂ ತಗೊಂಡ್ಹೋಗಿ" ಎಂದರು. ಇಪ್ಪತ್ತೇಳು ವರ್ಷ ಆ ಮನುಷ್ಯನನ್ನು ನಾನು ಕಳ್ಳನೆಂದು ಕರೆದಿದ್ದೆ. ಬಸ್ಸು ಹತ್ತಿದ ಮೇಲೂ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

ಕಾವೇರಿ ನೀರಿನಲ್ಲಿ ಕಲಸಿದ ಬಿಳಿಯೂ ಬಿರುಕು ಬಿಟ್ಟಿತು.

ಅಲ್ಲಿಗೆ ನನ್ನ ಉತ್ಸಾಹ ಪೂರ್ತಿಯಾಗಿ ಇಂಗಿಹೋಯಿತು. ನಾಲ್ಕು ದಿನ ತಾರಸಿಗೆ ಹೋಗಲಿಲ್ಲ. ಬೆಳಿಗ್ಗೆ ಪತ್ರಿಕೆ ಓದಿ, ಅದನ್ನೇ ಮತ್ತೆ ಮಧ್ಯಾಹ್ನ ಓದಿದೆ. ಅಚ್ಚುಗಳನ್ನು ಕೊಳ್ಳುತ್ತೇನೆಂದು ಬಹುಕಾಲದಿಂದ ದುಂಬಾಲು ಬಿದ್ದಿದ್ದ ಗೊಂಬೆ ವ್ಯಾಪಾರಿಯೊಬ್ಬರಿಗೆ ಫೋನ್ ಮಾಡಿ, ಭಾನುವಾರ ಬಂದು ಎಲ್ಲವನ್ನೂ ಒಯ್ಯಬಹುದೆಂದು ಹೇಳಿಬಿಟ್ಟೆ. ಪ್ರತಿಯೊಂದು ಅಚ್ಚನ್ನೂ ನಾನೇ ಮಾಡಿದ್ದೆ. ಸರೋಜ ವಾದಿಸಲಿಲ್ಲ. "ಕೊಟ್ಟ ಮೇಲೆ ಬೆಳಗ್ಗೆ ಎದ್ದು ಏನ್ ಮಾಡ್ತೀರಿ?" ಎಂದು ಮಾತ್ರ ಕೇಳಿದಳು. ನಾನು ಪತ್ರಿಕೆಯ ಹಾಳೆ ಮಗುಚಿದೆ.

ಶುಕ್ರವಾರ ಮುನಿರತ್ನಮ್ಮ ಮೆಣಸಿನಕಾಯಿ ಒಣಗಿಸಲು ತಾರಸಿಗೆ ಬಂದವರು ಬಿರುಕು ಬಿಟ್ಟ ಗೊಂಬೆಯೊಂದನ್ನು ಹಿಡಿದುಕೊಂಡು ನಮ್ಮ ಬಾಗಿಲಿಗೆ ಇಳಿದು ಬಂದರು.

"ಸಾರ್, ಈ ಮನೆ ಕಟ್ಟಿಸ್ದಾಗ ಗಾರೆಯವನು ಗೋಡೆಗೆ ಸಿಮೆಂಟ್ ಗಿಲಾವ್ ಮಾಡಿ, ನೀರ್ ಹೊಡೀದೆ ಊರಿಗೆ ಹೋಗ್ಬಿಟ್ಟ. ಬಿಸ್ಲು ಬಡಿದು ಗೋಡೆ ಥೇಟ್ ಹಿಂಗೇ ಆಗಿತ್ತು. ಇದ್ನೂ ನಿಧಾನಕ್ಕೆ ಒಣಗಿಸ್ಬಾರ್ದಾ? ನೀವ್ ನೋಡುದ್ರೆ ಕಾದ ಹೆಂಚಿನ್ ಮೇಲಿಟ್ಟಂಗೆ ಇಡ್ತೀರ!"

ಸಿಮೆಂಟಿನ ಸ್ವಭಾವ ಬೇರೆ, ಸೀಮೆಸುಣ್ಣದ ಸ್ವಭಾವ ಬೇರೆ ಎಂದು ನಾನು ವಿವರಿಸತೊಡಗಿದೆ. ಆಕೆ ಕೇಳುವ ಸ್ಥಿತಿಯಲ್ಲಿರಲಿಲ್ಲ.

"ಮೂವತ್ತು ವರ್ಷದಿಂದ ಮಾಡ್ತಿದ್ದೀನಮ್ಮ ನಾನು" ಎಂದೆ, ಸ್ವಲ್ಪ ಗಡುಸಾಗಿಯೇ.

"ಮಾಡಿದ್ದೀರ ಸಾರ್, ಯಾರ್ ಇಲ್ಲ ಅಂದ್ರು? ಈ ತಾರ್ಸಿ ಮೇಲ್ ಮಾಡಿಲ್ವಲ್ಲ!" ಎಂದು ಗೊಂಬೆಯನ್ನು ನನ್ನ ಕೈಗಿಟ್ಟು ಹೊರಟುಹೋದರು.

ಅಂದು ಊಟಕ್ಕೆ ಕೂತಾಗ ಗಡಿಯಾರ ಒಂದು ಹೊಡೆಯಿತು. ಜಯನಗರದಲ್ಲಾಗಿದ್ದರೆ ಈಗ ನೆರಳು ಬೀಳುತ್ತಿತ್ತು, ನಾನು ಬೈಯುತ್ತಿದ್ದೆ ಎಂದುಕೊಂಡೆ. ಆಮೇಲೆ ಕೈ ತಟ್ಟೆಯಲ್ಲಿಯೇ ನಿಂತಿತು. ಹಾಗಾದರೆ ಇಪ್ಪತ್ತೇಳು ವರ್ಷ ನನ್ನ ಗೊಂಬೆಗಳು ಕಂಡ ಬಿಸಿಲು ಅರ್ಧ ಗಂಟೆಯದು. ಉಳಿದಂತೆ ಒಣಗಿದ್ದೆಲ್ಲ ನೆರಳಿನಲ್ಲಿ. ನೆನಪು ಇನ್ನೂ ಹಿಂದಕ್ಕೆ ಹೋಯಿತು. ಆ ಕಟ್ಟಡ ಏಳುವ ಮೊದಲಿನ ಎರಡು ವರ್ಷ ನನ್ನ ಗೊಂಬೆಗಳು ಎಷ್ಟೋ ಸಲ ಬಿರಿದಿದ್ದವು. ಕೈ ಪಳಗಿಲ್ಲವೆಂದುಕೊಂಡಿದ್ದೆ. ಮೂರನೆಯ ವರ್ಷ ಬಿರುಕು ನಿಂತಾಗ ಕೈ ಪಳಗಿತೆಂದು ಬೀಗಿದ್ದೆ. ಊರವರು ಹೇಳಿದ್ದನ್ನೆಲ್ಲ ಒರೆಗೆ ಹಚ್ಚಿದ ನಾನು, ನಾನೇ ಹೇಳಿಕೊಂಡ ಒಂದು ಮಾತನ್ನು ಮಾತ್ರ ಒಮ್ಮೆಯೂ ಪರೀಕ್ಷಿಸಿರಲಿಲ್ಲ.

ಇದನ್ನು ಸರೋಜಳಿಗೆ ಹೇಳಿದರೆ ಅವಳು ಸಾರು ಬಡಿಸುತ್ತ, "ಅಂದ್ರೆ ನೆರಳು ಕೊಟ್ಟ ಆ ಪುಣ್ಯಾತ್ಮರು ನಿಮ್ಮ ಪಾಲುದಾರರಾಗಿದ್ರು ಅನ್ನಿ" ಎಂದಳು.

"ಇನ್ನೂ ತೀರ್ಮಾನ ಆಗಿಲ್ಲ. ಮಾಡಿ ನೋಡ್ಬೇಕು" ಎಂದೆ.

ಶನಿವಾರ ಒಂದೇ ಬಕೆಟ್ಟಿನ ಬಿಳಿಯನ್ನು, ಅದೂ ಬೋರ್‌ವೆಲ್ ನೀರಿನಲ್ಲಿಯೇ ಕಲಸಿದ್ದನ್ನು, ಆರು ಗೊಂಬೆಗಳಿಗೆ ಬಳಿದೆ. ಮೂರನ್ನು ಬಿಸಿಲಿನಲ್ಲಿಟ್ಟೆ. ಮೂರನ್ನು ನೀರಿನ ಟ್ಯಾಂಕಿನ ಕೆಳಗೆ, ಗಾಳಿ ಬಡಿಯದಂತೆ ಒದ್ದೆ ಗೋಣಿಯನ್ನು ಅಡ್ಡ ಕಟ್ಟಿ ಇಟ್ಟೆ. ಸಂಜೆಯ ವೇಳೆಗೆ ಬಿಸಿಲಿನ ಮೂರೂ ಬಿರಿದಿದ್ದವು. ಟ್ಯಾಂಕಿನ ಕೆಳಗಿನವು ಇನ್ನೂ ಹಸಿಯಾಗಿದ್ದವು. ಹಸಿಯಾದುದರಿಂದ ಏನೂ ಸಾಬೀತಾಗುವುದಿಲ್ಲ. ಕಾಯಲೇಬೇಕಾಯಿತು.

ಭಾನುವಾರ ಬೆಳಿಗ್ಗೆ ಗೋಣಿ ಸರಿಸಿದಾಗ ನನಗಿಂತ ಮೊದಲು ಸರೋಜ ಕೈ ಚಾಚಿದಳು. ಒಂದು ಗೊಂಬೆಯ ಕೆನ್ನೆಯ ಮೇಲೆ ಹೆಬ್ಬೆರಳು ಆಡಿಸಿದಳು, ಬೆರಳನ್ನು ತಿರುಗಿಸಿ ನೋಡಿದಳು. ಒಂದು ಚೂರೂ ಉದುರಿರಲಿಲ್ಲ. ಮೂರೂ ಗೊಂಬೆಗಳ ಮೈ ಮೊಟ್ಟೆಯ ಚಿಪ್ಪಿನಷ್ಟು ನಯವಾಗಿತ್ತು. ಇಬ್ಬರೂ ಟ್ಯಾಂಕಿನ ಕಟ್ಟೆಯ ಮೇಲೆ ಕುಳಿತುಬಿಟ್ಟೆವು.

ಹತ್ತು ಗಂಟೆಗೆ ವ್ಯಾಪಾರಿ ಟೆಂಪೋ ಸಮೇತ ಬಂದರು. "ಏನ್ ಸಾರ್, ಎಲ್ಲಾ ಪ್ಯಾಕ್ ಆಗಿದೆಯಾ?"

"ಇಲ್ಲಪ್ಪ. ಅಚ್ಚು ಕೊಡಲ್ಲ. ಕಾಫಿ ಕುಡ್ಕೊಂಡ್ ಹೋಗಿ."

"ಅಯ್ಯೋ, ಮೊನ್ನೆ ಫೋನಲ್ಲಿ ಕೊಡ್ತೀನಿ ಅಂದೋರು ನೀವೇ ಅಲ್ವಾ?"

"ನಾನೇ. ನಾನ್ ಹೇಳೋದನ್ನೂ ಅಷ್ಟು ಸುಲಭಕ್ಕೆ ನಂಬಬಾರದು" ಎಂದೆ. ಒಳಗೆ ಲೋಟ ಜೋಡಿಸುತ್ತಿದ್ದ ಸರೋಜ ಜೋರಾಗಿ ನಕ್ಕಳು. ಇಟ್ಟಮಡುವಿಗೆ ಬಂದ ಮೇಲೆ ನಾನು ಕೇಳಿದ ಅವಳ ಮೊದಲ ನಗು ಅದು.

ಒಂದು ನಂಬಿಕೆ ಸುಳ್ಳಾದಾಗ ಮನುಷ್ಯ ಕುಗ್ಗುತ್ತಾನೆಂದು ಓದಿದ್ದೆ. ನನಗೆ ಹಾಗಾಗಲಿಲ್ಲ. ಎಪ್ಪತ್ತರ ನಂತರ ನನ್ನ ಕಸುಬಿನಲ್ಲಿ ನಾನು ತಿಳಿಯದ ಒಂದು ವಿಷಯ ಉಳಿದಿತ್ತು ಎಂಬುದೇ ನನ್ನನ್ನು ಹಗುರಗೊಳಿಸಿತು. ಇನ್ನೂ ಎಷ್ಟು ಉಳಿದಿವೆಯೋ ಎಂಬ ಕುತೂಹಲದಿಂದ ಬೆಳಿಗ್ಗೆ ಎಚ್ಚರವಾಗುತ್ತದೆ. ಎದ್ದು, ಕಾಗದ ನೆನೆಹಾಕುತ್ತೇನೆ.