ದಾರ್ಕಿಮ್ ಅಳಿಸದೆ ಬಿಟ್ಟ ದಾರಿ

ನಮ್ಮ ಬನ್ಯುಮಾಸ್ ಜಿಲ್ಲೆಯ ಕಡೆ ಬೀದಿಬೀದಿಗೆ ಇಂಟರ್ನೆಟ್ ಹಂಚುವವರು ಬೇಕಾದಷ್ಟಿದ್ದಾರೆ. ಅವರಲ್ಲಿ ದಾರ್ಕಿಮ್ ಒಬ್ಬ. ನಾವೆಲ್ಲ ಅವನನ್ನು ಕಾಂಗ್, ಅಂದರೆ ಅಣ್ಣ, ಎನ್ನುತ್ತೇವೆ. ಹದಿಮೂರು ವರ್ಷದಿಂದ ಅವನ ಕೇಬಲ್ ಎಳೆಯುವವನು ನಾನು. ಅವನ ಪೆದ್ದುತನ ನನಗೆ ಗೊತ್ತಿರುವಷ್ಟು ಅವನಿಗೂ ಗೊತ್ತಿಲ್ಲ.

ಹೊಳೆಯಾಚೆ ರಾಸಿತಿಯ ಜಾಲವಿತ್ತು. ಗಂಡ ತೀರಿಹೋದವಳು, ಮಾತಿನ ಮಲ್ಲಿ. ಅವಳಿಗೆ ಸ್ವಂತ ಇಂಟರ್ನೆಟ್ ವಿಳಾಸಗಳ ಒಂದು ಗುಂಪಿತ್ತು. "ಇವುಗಳಿಗೆ ದಾರಿ ನನ್ನ ಮೂಲಕ" ಎಂದು, ಜಾಲಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಬಿಜಿಪಿ ಭಾಷೆಯಲ್ಲಿ, ನೆರೆಯ ಜಾಲಗಳಿಗೆ ಸಾರುತ್ತಿದ್ದುದು ದಾರ್ಕಿಮ್‌ನ ರೌಟರ್. ಹಳೆಯ ಕಂಪ್ಯೂಟರಿಗೆ ತಂತ್ರಾಂಶ ತುಂಬಿ ಅವನೇ ಮಾಡಿಕೊಂಡದ್ದು ಅದು. ಒಂಬತ್ತು ವರ್ಷ ಅವಳು ಪ್ರತಿ ಶನಿವಾರ ಬಿಸಿ ಮೆಂಡೋವಾನ್ ಬಜ್ಜಿ ಕರಿದು ತಂದಳು, ಇವನು ತಿನ್ನುತ್ತ ಕೇಬಲ್ ವಿಷಯ ಮಾತಾಡಿದ. ಮನಸ್ಸಿನಲ್ಲಿದ್ದುದನ್ನು ಹೇಳಲು ಬಾಯೇ ಬರಲಿಲ್ಲ.

ಹೋದ ವರ್ಷ ಅವಳು ಜಾಲ ಮುಚ್ಚಿ ಕಡಲಾಚೆ ಲಾಂಪುಂಗಿನಲ್ಲಿದ್ದ ತಂಗಿಯ ಮನೆಗೆ ಹೋದಳು. ನಮ್ಮಿಂದ ಅವಳಲ್ಲಿಗೆ ಹೋಗಿದ್ದ ಕೇಬಲ್ ಕಿತ್ತ ದಿನವೇ ರೌಟರ್ ಅವಳ ವಿಳಾಸಗಳನ್ನು ಸಾರುವುದನ್ನು ನಿಲ್ಲಿಸಿತು. ತನಗೇ ಗೊತ್ತಿಲ್ಲದ ದಾರಿಯನ್ನು ಅದು ನೆರೆಯವರಿಗೆ ಹೇಳುವುದಿಲ್ಲ. ದಾರ್ಕಿಮ್ ಕೂತು ರೌಟರಿನಲ್ಲಿ ಆ ವಿಳಾಸಗಳಿಗೆ ಒಂದು ಸುಳ್ಳು ದಾರಿ ಬರೆದ. ಅದರಲ್ಲಿ ಬಂದದ್ದೆಲ್ಲ ಎಲ್ಲೂ ತಲುಪದೆ ಮಾಯ. ಆದರೆ ರೌಟರ್ ಮತ್ತೆ ಸಾರತೊಡಗಿತು.

"ಅಲ್ಲಿ ಯಾರಿದಾರೆ ಕಾಂಗ್, ಯಾರ ಮನೆಗೆ ದಾರಿ ತೋರಿಸ್ತೀಯ?" ಎಂದೆ.

"ಇರ್ಲಿ ಬಿಡೋ. ಒಂದು ಸಾಲು ತಾನೆ, ಅನ್ನ ಕೇಳುತ್ತಾ?"

ಬೆಳಿಗ್ಗೆ ಬಂದವನು ಮೊದಲು ನೋಡುತ್ತಿದ್ದುದು ಆ ಸಾಲನ್ನೇ. ನನಗೆ ಸಿಟ್ಟು ಬರುತ್ತಿತ್ತು, ಪಾಪ ಅನ್ನಿಸುತ್ತಲೂ ಇತ್ತು.

ಮೊನ್ನೆ ಮಧ್ಯಾಹ್ನ ರಾಸಿತಿಯ ಫೋನ್ ಬಂತು. ಅವನು ಸ್ಪೀಕರಿಗೆ ಹಾಕಿದ.

"ಕಾಂಗ್, ಇಲ್ಲೂ ಜಾಲ ಶುರು ಮಾಡಿದೀನಿ. ನನ್ನ ವಿಳಾಸಗಳನ್ನ ಇಲ್ಲಿಂದ ಸಾರಿದ್ರೆ, ನಂಗೆ ಬರಬೇಕಾದ್ದು ಅರ್ಧಕ್ಕರ್ಧ ನಿನ್ನ ಹತ್ರ ಬಂದು ಕಾಣೆಯಾಗ್ತಿದೆ. ತೆಗೆಯೋದು ಮರೆತ್ಯಾ?"

"ಮರೆತಿಲ್ಲ, ರಾಸಿತಿ."



"ಒಂಬತ್ತು ವರ್ಷ ನಿನ್ನ ಬಾಯಿಗೆ ಏನಾಗಿತ್ತು?" ಎಂದಳು ಮೆಲ್ಲಗೆ. "ಈಗ ತೆಗಿ ಕಾಂಗ್. ಇಲ್ಲಿನ ಜನ ನನ್ನ ನಂಬ್ಕೊಂಡಿದಾರೆ."

ಅವನು ತೆಗೆದ. ಒಂದು ನಿಮಿಷದ ಕೆಲಸ. ಆಮೇಲೆ ಅವಳ ವಿಳಾಸಗಳಿಗೆ ಈಗ ದಾರಿ ಯಾವುದೆಂದು ರೌಟರನ್ನು ಕೇಳಿದ. ಪರದೆಯ ಮೇಲೆ, ದಾರಿಯಲ್ಲಿ ದಾಟಬೇಕಾದ ಜಾಲಗಳ ಸಂಖ್ಯೆಗಳು ಸಾಲಾಗಿ ಬಂದವು. ಬೆರಳಿಟ್ಟು ಎಣಿಸಿದ. ಮೊದಲು ಪಕ್ಕದಲ್ಲೇ ಇದ್ದದ್ದು, ಈಗ ಐದು ಜಾಲ ದಾಟಿದ ಮೇಲೆ ಅವಳದು.

"ಅಷ್ಟು ದೂರ ಹೋಗಿದಾಳಾ," ಎಂದ, ನನ್ನ ಕಡೆ ನೋಡದೆ.